ತೂತಾಗದ ಹಲಗೆ

ಠಾಣೆಯಲ್ಲಿ ಆ ದಿನ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಮೊನ್ನೆ ಕುದ್ರೋಳಿಯ ಮನೆಯ ಅಟ್ಟ ಗುಡಿಸುವಾಗ ಒಂದು ಇಂಚು ದಪ್ಪದ ಹಲಗೆ ಸಿಕ್ಕಿತು. ಮೈತುಂಬ ಸಣ್ಣ ಸಣ್ಣ ಗುಳಿ. ಮೂಗಿಗೆ ಹಿಡಿದರೆ ಈಗಲೂ ಹೊಲಿಗೆ ಮೆಷಿನಿನ ಎಣ್ಣೆಯ ವಾಸನೆ... ಅಣ್ಣನ ಕೈಯ ವಾಸನೆ.

ಅಣ್ಣ ತಣ್ಣೀರುಬಾವಿ ಬೀಚಿನಲ್ಲಿ ಬಲೂನಿಗೆ ಗುರಿ ಹೊಡೆಸುವ ಸ್ಟಾಲ್ ಇಟ್ಟಿದ್ದ. ಏರ್‌ಗನ್ನನ್ನು ಆ ಎಣ್ಣೆಯಲ್ಲಿ ಒರೆಸಿ, ಗೋಣಿಯಲ್ಲಿ ಸುತ್ತಿಕೊಂಡು ಸುಲ್ತಾನ್ ಬತ್ತೇರಿಯಿಂದ ದೋಣಿ ಹತ್ತುತ್ತಿದ್ದ. "ಗೋಣಿಯಲ್ಲಿ ಎಂತ ಮಾರಾಯ?" ಎಂದು ಯಾರಾದರೂ ಕೇಳಿದರೆ, "ಕಬ್ಬು. ಕಚ್ಚಿದ್ರೆ ಹಲ್ಲು ಹೋಗ್ತದೆ" ಎನ್ನುತ್ತಿದ್ದ.

ಕೋವಿಯ ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. ಕಡಿಮೆ ಬಲದ ಏರ್‌ಗನ್ನಿಗೆ ಲೈಸೆನ್ಸ್ ಬೇಡ, ಬಲ ಮಿತಿ ದಾಟಿದರೆ ಬೇಕು. ಅದನ್ನು ಅಳೆಯುವ ಯಂತ್ರ ನಮ್ಮಂಥವರ ಮನೆಯಲ್ಲಿ ಎಲ್ಲಿ? ಹಾಗಾಗಿ ದಿನಾ ಬೆಳಿಗ್ಗೆ ಹಿತ್ತಿಲಲ್ಲಿ ಐದು ಹೆಜ್ಜೆ ದೂರದಿಂದ ಈ ಹಲಗೆಗೆ ಒಂದು ಗುಂಡು ಹೊಡೆಯುತ್ತಿದ್ದ. ಗುಳಿ ಬಿದ್ದರೆ ಸರಿ. ತೂತಾದರೆ ಬಲ ಮಿತಿ ದಾಟಿದೆ ಎಂದು ಲೆಕ್ಕ, ಆ ದಿನ ಸ್ಟಾಲ್ ಇಲ್ಲ. ಒಮ್ಮೆಯೂ ತೂತಾಗಲಿಲ್ಲ.

ಸ್ಪ್ರಿಂಗ್ ಹಳತಾಗಿ ಬಲೂನುಗಳು ಸರಿಯಾಗಿ ಒಡೆಯದಾದವು. "ಇದು ಕೋವಿಯಾ, ಒಲೆ ಊದುವ ಕೊಳವೆಯಾ?" ಎಂದು ಗಿರಾಕಿಗಳು ನಗುತ್ತಿದ್ದರು. ಅಣ್ಣನೂ ಅವರ ಜೊತೆ ನಗುತ್ತಿದ್ದ. ನನಗೆ ಸಹಿಸಲಾಗಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸ್ಕೂಟರ್ ಗ್ಯಾರೇಜು ಸೇರಿದವನು ನಾನು. ಸ್ಪ್ರಿಂಗ್ ಎಂದರೆ ಎಲ್ಲ ಗೊತ್ತು ಎಂಬ ಜಂಬ. ಒಂದು ಭಾನುವಾರ ಅಣ್ಣ ಹಲಗೆಗೆ ಹೊಡೆದು ನೋಡಿ, ಬಲೂನು ತರಲು ಪೇಟೆಗೆ ಹೋದಾಗ, ದೊಡ್ಡ ಏರ್‌ಗನ್ನಿನ ಗಟ್ಟಿ ಸ್ಪ್ರಿಂಗ್ ಹಾಕಿಬಿಟ್ಟೆ. ಅವನಿಗೆ ಖುಷಿಯಾಗಲಿ ಅಂತ...

ಸ್ಟಾಲ್ ತೆರೆದು ಗುಂಡು ತುಂಬುತ್ತ ಕೋವಿಯ ನಳಿಗೆ ಎಳೆಯುವಾಗಲೇ ಸ್ಪ್ರಿಂಗಿನ ಬಿಗಿ ಗೊತ್ತಾಗಿ ಅಣ್ಣ ನನ್ನ ಕಡೆ ತಿರುಗಿದ. ಅಷ್ಟರಲ್ಲಿ ಗಿರಾಕಿ ಅದನ್ನು ಕಸಿದು ಹೊಡೆದಾಗಿತ್ತು. ಗುಂಡು ಬಲೂನುಗಳ ಹಿಂದಿನ ಪ್ಲೈವುಡ್ ತೂರಿ, ಆಚೆಯ ಚುರುಮುರಿ ಗಾಡಿಯ ಗಾಜು ಒಡೆಯಿತು. ಪುಣ್ಯಕ್ಕೆ ಯಾರಿಗೂ ತಾಗಲಿಲ್ಲ.

ಪೊಲೀಸರು ಬಂದು ನಮ್ಮಿಬ್ಬರನ್ನೂ ಕರೆದೊಯ್ದರು. ಠಾಣೆಯಲ್ಲಿ ಕೋವಿ ಬಿಚ್ಚಿ ನೋಡಿದರು. "ಸ್ಪ್ರಿಂಗ್ ಬದಲಾಯಿಸಿದ್ದು ಯಾರು?"

ನಾನು ನನ್ನ ಚಪ್ಪಲಿ ನೋಡುತ್ತ ನಿಂತೆ.

"ನಾನೇ ಸಾರ್" ಎಂದ ಅಣ್ಣ.

ಲೈಸೆನ್ಸ್ ಇಲ್ಲದ ಆಯುಧ ಎಂದು ಅವನ ಮೇಲೆ ಕೇಸಾಯಿತು. ಕೋವಿ ಹೋಯಿತು, ಸ್ಟಾಲಿನ ಪರ್ಮಿಷನ್ನೂ ಹೋಯಿತು. ದೋಣಿಯಲ್ಲಿ ಮರಳುವಾಗ ಅವನು ಹೇಳಿದ್ದು ಇಷ್ಟೇ: "ಹಲಗೆಗೆ ಒಂದು ಹೊಡೆದು ನೋಡ್ಲಿಕ್ಕೆ ಆಗ್ಲಿಲ್ವಾ ಮಾರಾಯ?" ಮತ್ತೆಂದೂ ಆ ಮಾತು ಎತ್ತಲಿಲ್ಲ. ಕೊಡಿಯಾಲ್‌ಬೈಲಿನ ಅಪಾರ್ಟ್‌ಮೆಂಟೊಂದರಲ್ಲಿ ವಾಚ್‌ಮನ್ ಆದ. ಕೈಯಲ್ಲಿ ಬರೀ ಬೆತ್ತ.

"ನಿಮ್ಮ ಕೈ ಸುಮ್ಮನೆ ಇರ್ಲಿಲ್ಲ, ಇದ್ದ ಸ್ಟಾಲ್ ಕಳ್ಕೊಂಡ್ರಿ" ಎಂದು ಅತ್ತಿಗೆ ಊಟಕ್ಕೆ ಕೂತಾಗ ಅಣ್ಣನನ್ನು ಚುಚ್ಚುತ್ತಿದ್ದರು. ಅಣ್ಣ ನಗುತ್ತ ಅನ್ನ ಕಲಸುತ್ತಿದ್ದ. ಎದುರಿಗೆ ಕೂತು ನಾನೂ ಉಣ್ಣುತ್ತಿದ್ದೆ...

ಅವನು ತೀರಿಹೋಗಿ ಎರಡು ವರ್ಷವಾಯಿತು. ಈ ಮಳೆಗಾಲದ ಆಟಿ ತಿಂಗಳಲ್ಲಿ, ತುಳುನಾಡಿನ ರೂಢಿಯಂತೆ, ತೀರಿಹೋದವರಿಗೆ ಎಲೆ ಹಾಕಿ ಬಡಿಸಿದೆವು. ಅವನ ಎಲೆಗೆ ಬಂಗುಡೆ ಮೀನು ಹುರಿದದ್ದು ಎರಡು. ಬಡಿಸಿದ ಮೇಲೆ ಬಾಗಿಲು ಮುಚ್ಚಿ, ಹೋದವರು ಉಣ್ಣುವಷ್ಟು ಹೊತ್ತು ಹೊರಗೆ ಮಾತಿಲ್ಲದೆ ಕೂರುವುದು ನಮ್ಮ ಪದ್ಧತಿ. ನಾನು ಆ ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಪಕ್ಕದಲ್ಲಿ ಅತ್ತಿಗೆ. ಪದ್ಧತಿ ಮುರಿದು, ಅವರಿಗೂ ಕೇಳುವ ಹಾಗೆ, ಮುಚ್ಚಿದ ಬಾಗಿಲಿಗೆ ಹೇಳಿದೆ:

"ಅಣ್ಣಾ, ಆ ಸ್ಪ್ರಿಂಗ್ ಹಾಕಿದ್ದು ನಾನು. ಅವತ್ತೇ ಹೇಳ್ಬೇಕಿತ್ತು. ತಪ್ಪಾಯ್ತು ಅಣ್ಣ."