ಡೊರೊತಿ ಕೂರುತ್ತಿದ್ದ ವಯೋಲಾ ಸಾಲು

ಪಕ್ಕದ ಮನೆಯ ಡೊರೊತಿಯವರ ಎಡ ದವಡೆಯ ಕೆಳಗೆ ಒಂದು ಕಂದು ಕಲೆ ಇತ್ತು. ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡ್‌ನ ಈ ಮನೆಗೆ ಬಂದ ಹೊಸದರಲ್ಲಿ ಅದನ್ನು ಸುಟ್ಟ ಗಾಯವೆಂದುಕೊಂಡು, ತುಪ್ಪದಲ್ಲಿ ಅರಿಶಿನ ಕಲಸಿ ಬೇಲಿಯ ಮೇಲಿಂದ ಕೊಟ್ಟಿದ್ದೆ. ಅವರು ನಕ್ಕ ನಗು, ಮಕ್ಕಳೇ, ನಿಮ್ಮ ಅಮ್ಮನಿಗೆ ಅಡುಗೆಮನೆಯವರೆಗೂ ಕೇಳಿಸಿತಂತೆ.

"ಇದು ವಾಸಿಯಾದ್ರೆ ನನ್ನ ಕೆಲಸಾನೇ ಹೋಯ್ತು, ಬ್ಯಾಬ್! ವಯೋಲಾ ಒತ್ತಿ ಒತ್ತಿ ಆಗಿರೋದು."

ಬ್ಯಾಬ್ ಎಂದರೆ ಈ ಕಡೆಯ ಹಳಬರ ಅಕ್ಕರೆಯ ಮಾತು, ನಾವು 'ಮರಿ' ಅಂದ ಹಾಗೆ. ವಯೋಲಾ ಪಿಟೀಲಿಗಿಂತ ಕೊಂಚ ದೊಡ್ಡದು, ದನಿ ತಗ್ಗು. ಅವರು ಬರ್ಮಿಂಗ್‌ಹ್ಯಾಮ್‌ನ ದೊಡ್ಡ ವಾದ್ಯವೃಂದವೊಂದರಲ್ಲಿ ಅದನ್ನು ನುಡಿಸುತ್ತಿದ್ದರು.

ನಿಮ್ಮ ತಾತ ಹೋದ ಮೇಲೆ ನಾನು ಹೊಸಿಲು ದಾಟುತ್ತಿರಲಿಲ್ಲ. ಡೊರೊತಿ ಒಂದು ಸಂಜೆ ಬಂದು, "ಸೀರೆ ಚೆನ್ನಾಗಿದೆ, ಹೊರಡು" ಎಂದು ಕಾರಿನಲ್ಲಿ ಕೂರಿಸಿಕೊಂಡು ತಮ್ಮ ವೃಂದದ ಸಂಗೀತ ಕಛೇರಿಗೆ ಕರೆದೊಯ್ದರು. ಅಲ್ಲಿ ವೇದಿಕೆಯ ಮೇಲೆ ಇಬ್ಬಿಬ್ಬರಿಗೆ ಒಂದೇ ಸ್ವರಪುಸ್ತಕ. ಪುಟ ಮುಗಿದಾಗಲೆಲ್ಲ ಇವರು ನುಡಿಸುವುದು ಬಿಟ್ಟು ಹಾಳೆ ತಿರುಗಿಸುತ್ತಿದ್ದರು, ಜೊತೆಯವನು ಹಾಯಾಗಿ ನುಡಿಸುತ್ತಿದ್ದ. ನನಗೆ ಸಿಟ್ಟು ಬಂತು.

"ಆ ಗಂಡಸಿಗೇನು ಕೈಯಿಲ್ವಾ?" ಎಂದೆ, ಮನೆಗೆ ಮರಳುವಾಗ, ನನ್ನ ಹರುಕು ಇಂಗ್ಲಿಷಿನಲ್ಲಿ.

"ಜೋಡಿಯಲ್ಲಿ ಸಭಿಕರಿಂದ ದೂರ, ಒಳಗಡೆ ಕೂತವರ ಕೆಲಸ ಅದು. ನಾನು ನಿಲ್ಲಿಸಿದ್ದು ಕಂಡಿತು, ಸರಿ. ಕೇಳಿಸಿತಾ?"

"ಇಲ್ಲ."

"ಮತ್ತೆ? ಆರ್ಕೆಸ್ಟ್ರಾ ಅಂದ್ರೆ ಅಷ್ಟೇ."

ದಾರಿಯುದ್ದಕ್ಕೂ ವೃಂದದ ಕಥೆಯನ್ನು ತವರಿನ ಕಥೆಯಂತೆ ಹೇಳಿದರು. ಮೊದಲು ಸಿನಿಮಾ ಮಂದಿರಗಳಲ್ಲಿ, ಚಹಾದಂಗಡಿಗಳಲ್ಲಿ ನುಡಿಸಿ ಹೊಟ್ಟೆ ಹೊರೆಯುತ್ತಿದ್ದವರು ಸೇರಿ ಕಟ್ಟಿದ್ದಂತೆ. ಯುದ್ಧದ ಕಾಲದಲ್ಲಿ ಹಗಲು ಕಾರ್ಖಾನೆ, ಸಂಜೆ ವಾದ್ಯ. ಆಮೇಲೆ ತಿಂಗಳ ಸಂಬಳ ಬಂತು, ಹೊಸ ಸಭಾಂಗಣ ಬಂತು. ಡೊರೊತಿಗೆ ಕಲಿಸಿದಾಕೆಯೂ ಅದೇ ಸಾಲಿನಲ್ಲಿ ಕೂತವರು.

ಕೆಲವು ವರ್ಷಗಳ ಮೇಲೆ ಅವರ ಎಡಗೈ ಬೆರಳುಗಳು ಮಡಚದಾದವು. ಯಾರೂ ಏನೂ ಅಂದಿರಲಿಲ್ಲ. "ಸಾಲು ಕೆಡಿಸೋದಕ್ಕಿಂತ ಎದ್ದು ಬರೋದು ಮೇಲು" ಎಂದು ತಾವೇ ಬಿಟ್ಟು ಬಂದರು. ಬಂದವರು ರೇಡಿಯೋ ಕೂಡ ಹಾಕಲಿಲ್ಲ. ಗೆಳೆಯರು ಟಿಕೆಟ್ ಕಳಿಸಿದರೆ ಹಾಗೇ ವಾಪಸ್ಸು. ಬದುಕೆಲ್ಲ ಕೊಟ್ಟ ವೃಂದವನ್ನು ಇನ್ನೆಂದೂ ಕೇಳದೆಯೇ ಹೋಗಿಬಿಡುತ್ತಾರೇನೋ ಎಂದು ನನಗೆ ಭಯವಾಯಿತು.

ಯಾರನ್ನೂ ಏನನ್ನೂ ಕೇಳಿ ಗೊತ್ತಿಲ್ಲದವಳು ಅವರ ಬಾಗಿಲು ತಟ್ಟಿದೆ. "ನನಗೆ ಕಛೇರಿಗೆ ಹೋಗಬೇಕು. ಒಬ್ಬಳೇ ಹೋಗೋಕೆ ಹೆದರಿಕೆ" ಎಂದೆ.

"ಸುಳ್ಳಿ!" ಎಂದರು. ಆದರೆ ಕೋಟು ಹಾಕಿಕೊಂಡರು.

ಕೇಳುಗರ ಕುರ್ಚಿಯಲ್ಲಿ ಅವರು ಬೆನ್ನು ನೆಟ್ಟಗೆ ಮಾಡಿ, ಪಾಳಿಗೆ ಬಂದವರಂತೆ ಕೂತರು. ವಾದ್ಯಗಳೆಲ್ಲ ಒಟ್ಟಿಗೆ ಎದ್ದಾಗ ನನ್ನ ತೋಳು ಹಿಡಿದರು. ವಿರಾಮದವರೆಗೂ ಬಿಡಲಿಲ್ಲ.

"ಅಲ್ಲಿ ಕೂತ್ರೆ ಪಕ್ಕದವರದ್ದು, ಬೆನ್ನ ಹಿಂದಿನವರದ್ದು ಅಷ್ಟೇ ಕಿವಿಗೆ ಬೀಳೋದು, ಬ್ಯಾಬ್. ಪೂರ್ತಿ ಯಾವತ್ತೂ ಕೇಳಿರಲಿಲ್ಲ." ನನ್ನ ಕಡೆ ತಿರುಗಿ, "ನಾವು ಇಷ್ಟು ಚೆನ್ನಾಗಿ ನುಡಿಸ್ತಿದ್ವಾ?" ಎಂದರು.

"ಹೂಂ, ಹೀಗೇ ನುಡಿಸ್ತಿದ್ರಿ" ಎಂದೆ.

ಮುಂದಿನ ಚಳಿಗಾಲ ಡೊರೊತಿ ಉಳಿಯಲಿಲ್ಲ. ಈಗ ನಾನೇ ಟಿಕೆಟ್ ಕೊಂಡು, ರೈಲು ಹತ್ತಿ, ಒಬ್ಬಳೇ ಕಛೇರಿಗೆ ಹೋಗಿಬರುತ್ತೇನೆ.