ಫ್ರಿಜ್ಜಿನೊಳಗಿನ ನೊಣಗಳು

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ, ಕ್ಯಾಲೆಂಡರಿನ ಮೊಳೆಗೇ ಜೋತುಬಿದ್ದು, ನೊಣ ಹೊಡೆಯುವ ನೀಲಿ ಪ್ಲಾಸ್ಟಿಕ್ ಬ್ಯಾಟೊಂದಿದೆ. ಯಜಮಾನರ ಬ್ಯಾಂಕಿನ ವರ್ಗಾವಣೆಗಳಲ್ಲಿ ಎಷ್ಟೋ ಗಾಜಿನ ಸಾಮಾನು ಒಡೆದರೂ ಇದು ಮಾತ್ರ ಅಕ್ಷತವಾಗಿ ವಡೋದರೆಯವರೆಗೆ ಬಂದಿತು. ಕಾನ್ವೆಂಟಿನಲ್ಲಿ ಊಟದ ಡಬ್ಬಿಯ ಮೇಲೆ ನೊಣ ಕೂತರೆ ಅದು ನಮ್ಮದೇ ನೈತಿಕ ಅಧಃಪತನವೆಂಬಂತೆ ಸಿಸ್ಟರ್ ನೋಡುತ್ತಿದ್ದರು. ಆ ಸಂಸ್ಕಾರದ ಫಲವಾಗಿ, ಇರುವೆಗೂ ದಾರಿ ಬಿಡುವ ಸಾತ್ವಿಕಳೆಂದು ಹೆಸರಾದ ನಾನು ನೊಣದ ವಿಷಯದಲ್ಲಿ ಮಾತ್ರ ಸಂಹಾರಮೂರ್ತಿ. ಇಂಥವಳ ಫ್ರಿಜ್ಜಿನಲ್ಲೇ ನೊಣಗಳು ಬಿಡಾರ ಹೂಡಿದ್ದವೆಂದರೆ ನೀವು ನಂಬಬೇಕು.

ಮೇಲಿನ ಫ್ಲ್ಯಾಟಿನಲ್ಲಿ ಬಾಡಿಗೆಗಿರುವ ಹಾವೇರಿಯ ಶ್ರುತಿ ಕೀಟಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಕಳೆದ ಶ್ರಾವಣದಲ್ಲಿ, ಬಲೆಯ ಮುಚ್ಚಳದ ಡಬ್ಬಿ ಹಿಡಿದು ಬಂದಳು.

"ಆಂಟಿ, ಐದು ದಿನ ನಿಮ್ಮ ಫ್ರಿಜ್‌ನಾಗ ಇಟ್ಕೊಳ್ರಿ. ನಮ್ಮ ರೂಮಿನ ಹುಡುಗ್ಯಾರು ನೋಡಿದ್ರ ನನ್ನ ಡಬ್ಬಿ ಸಮೇತ ಹೊರಗ ಹಾಕ್ತಾರ."

ಒಳಗಿದ್ದ ಕಂದು ಕಾಳುಗಳು ಸಾಕಿದ ಹಸಿರು ನೊಣಗಳ ಗೂಡುಗಳು, ರೇಷ್ಮೆಗೂಡಿನ ಹಾಗೆ. ಒಳಗಿನ ನೊಣಗಳು ಹೊರಬರಲು ತುದಿಗಾಲಲ್ಲಿದ್ದವು, ತಂಪು ಅವನ್ನು ತಡೆದಿಟ್ಟಿತ್ತು. ಊರಾಚೆಯ ಪಾಲಿಹೌಸಿನಲ್ಲಿ ಅವಳ ಕರಬೂಜದ ಬಳ್ಳಿಗಳು ಹೆಣ್ಣುಹೂ ಬಿಟ್ಟಾಗ ಪರಾಗ ಹೊರಲು ಇವನ್ನು ಒಳಗೆ ಬಿಡಬೇಕು. ಮೋಡದ ದಿನ, ಪ್ಲಾಸ್ಟಿಕ್ ಸೂರಿನಡಿ, ಜೇನುನೊಣ ಮುನಿಸಿಕೊಂಡು ಪೆಟ್ಟಿಗೆಯಲ್ಲೇ ಕೂರುತ್ತದಂತೆ. ನಮ್ಮ ನೊಣಕ್ಕೆ ಆ ಬಿಗುಮಾನವಿಲ್ಲ, ಕರೆಯದ ಮನೆಗೂ ಹೋಗಿ ರೂಢಿ. ಇವು ಕೈಕೊಟ್ಟರೆ ಮತ್ತೆ ಸಾಕಲು ಸಮಯವಿಲ್ಲ, ಅವಳ ವರ್ಷದ ಕೆಲಸ ಮಣ್ಣುಪಾಲು. ಡಬ್ಬಿಯನ್ನು ಹಾಲಿನಿಂದ ಆದಷ್ಟು ದೂರ ಇಟ್ಟು, ಎರಡು ಸಲ ಕೈ ತೊಳೆದೆ.

ಮರುದಿನವೇ ಎದುರುಮನೆಯ ಹಂಸಾಬೆನ್ ಅವರ ರಾಂಧಣ್ ಛಠ್, ಅಡುಗೆ ಮಾಡಿಡುವ ಹಬ್ಬ. ಅದರ ಮಾರನೆಯ ದಿನ ಶೀತಳಾ ಸಾತಮ್, ಒಲೆ ಹಚ್ಚುವಂತಿಲ್ಲ. ಹಿಂದಿನ ದಿನವೇ ಎಲ್ಲ ಮಾಡಿಟ್ಟು ತಣ್ಣಗೆ ಉಣ್ಣಬೇಕು. ಅವರಲ್ಲಿ ಹಿಡಿಸದ ಪಾತ್ರೆಗಳು ನಮ್ಮ ಫ್ರಿಜ್ಜಿಗೆ ಬರುವುದು ವಾಡಿಕೆ. ನಾನು ಸ್ನಾನದಲ್ಲಿದ್ದರೂ ಅದಕ್ಕೆ ತಡೆಯಿಲ್ಲ. ಸಾತಮ್ ಬೆಳಗ್ಗೆ ತೆರೆದರೆ ಥೇಪ್ಲಾ, ಕಢಿ, ಸುಖಡಿ. ಡಬ್ಬಿ ಮಾತ್ರ ಇಲ್ಲ. ಎಲ್ಲಿಂದಲೋ ತಂಬೂರಿಯ ನಾದ. ನೋಡಿದರೆ ಬಿಸಿ ಬಿಸಿ ಸ್ಟೆಬಿಲೈಸರ್ ಮೇಲೆ ನಮ್ಮ ಡಬ್ಬಿ, ಬಲೆಯಡಿ ಪಚ್ಚೆಯ ಹರಳುಗಳ ನೂಕುನುಗ್ಗಲು.

"ಅರೇ ಬೆನ್, ಮುಖವಾಸ್ ಕೋಈ ಫ್ರಿಜ್ ಮೇ ರಖತಾ ಹೈ?" ಎಂದರು ಹಂಸಾಬೆನ್. ಊಟದ ನಂತರ ಬಾಯಿಗೆ ಹಾಕಿಕೊಳ್ಳುವ ಹುರಿದ ಬೀಜವೆಂದು ತಿಳಿದು, ಮೆತ್ತಗಾದೀತೆಂಬ ಕಾಳಜಿಯಿಂದ ಬೆಚ್ಚಗಿನ ಜಾಗದಲ್ಲಿಟ್ಟಿದ್ದರು. ಚಿಟಿಕೆ ರುಚಿ ನೋಡಲಿಲ್ಲವಲ್ಲ, ಶೀತಳಾ ಮಾತೆ ದೊಡ್ಡವಳು.

ಓಡಿಬಂದ ಶ್ರುತಿ ನೆಲದ ಮೇಲೇ ಕೂತಳು. "ಹೂ ಅರಳಾಕ ಇನ್ನೂ ಮೂರು ದಿನ ಐತ್ರಿ."

"ಅಲ್ಲೀವರ್ಗೂ ಬದುಕಲ್ವೇನೆ?"

"ಉಣ್ಣಾಕ ಕೊಟ್ರ ಬದುಕ್ತಾವ್ರಿ. ಆದ್ರ ನಾ ದಿನಪೂರ್ತಿ ಪಾಲಿಹೌಸ್‌ನಾಗ ಇರ್ಬೇಕು." ಅವಳು ನೋಡಿದ್ದು ನನ್ನನ್ನಲ್ಲ, ಬಾಗಿಲ ಹಿಂದಿನ ಬ್ಯಾಟನ್ನು.

ಹೀಗೆ ನಾನು ಅನ್ನದಾತೆಯಾದೆ. ಊಟಕ್ಕೆ ನೊಣ ಮುತ್ತದಿರಲೆಂದು ಕೊಂಡಿದ್ದ ದೊಡ್ಡ ಜಾಲರಿ ಮುಚ್ಚಳದಡಿ ನೊಣಗಳನ್ನೇ ಕೂಡಿಸಿ, ಕೆಳಗೆ ಬಟ್ಟೆ ಬಿಗಿದು, ದೀಪದ ಬತ್ತಿಗೆಂದು ಇಟ್ಟಿದ್ದ ಹತ್ತಿಯನ್ನು ಸಕ್ಕರೆ ನೀರಿನಲ್ಲಿ ಅದ್ದಿಟ್ಟೆ. ತಪ್ಪಿತಸ್ಥರಾದ ಹಂಸಾಬೆನ್ ಹೊತ್ತುಹೊತ್ತಿಗೆ ಬಾಗಿಲಲ್ಲಿ ನಿಂತು, "ಸಬ್ ನೇ ಖಾಯಾ?" ಎಂದು ವಿಚಾರಿಸಿದರು. ಅಷ್ಟು ಹತ್ತಿರದಿಂದ ನೊಣವನ್ನು ನಾನು ಜೀವಂತವಾಗಿ ನೋಡಿದ್ದೇ ಆಗ. ಉಣ್ಣುವ ಮೊದಲು ಮುಂಗಾಲುಗಳನ್ನು ಉಜ್ಜುತ್ತದೆ, ಉಂಡ ಮೇಲೂ ಉಜ್ಜುತ್ತದೆ, ಆಮೇಲೆ ತಲೆ ಒರೆಸಿ ರೆಕ್ಕೆ ಸವರಿಕೊಳ್ಳುತ್ತದೆ. ಸಿಸ್ಟರ್ ಹೇಳಿಕೊಟ್ಟದ್ದನ್ನು ನನಗಿಂತ ನಿಷ್ಠೆಯಿಂದ ಪಾಲಿಸುವ ವಿದ್ಯಾರ್ಥಿನಿಯರನ್ನು ನಾನು ಇಷ್ಟು ವರ್ಷ ಬಡಿಯುತ್ತ ಬಂದಿದ್ದೆನಲ್ಲ ಎಂದು ತುಸು ನಾಚಿಕೆಯಾಯಿತು.

ನಾಲ್ಕನೆಯ ಬೆಳಗ್ಗೆ ಶ್ರುತಿ ಅವನ್ನು ಒಯ್ದಳು. ಮನೆ ನಿಶ್ಶಬ್ದವಾಯಿತು, ಹಂಸಾಬೆನ್ ಅಭ್ಯಾಸಬಲದಿಂದ ಬಂದು ಖಾಲಿ ಮುಚ್ಚಳ ನೋಡಿ ಹೋದರು. ವಾರ ಕಳೆದ ಮೇಲೆ ಶ್ರುತಿಯ ಫೋನು: "ಆಂಟಿ, ಕಾಯಿ ಕಚ್ಚ್ಯಾವ್ರಿ!"

ಹಣ್ಣು ತಂದ ದಿನ ಮೂವರೂ ಕೂತು ತಿಂದೆವು. ಪರಿಮಳಕ್ಕೆ ಕಿಟಕಿಯಿಂದ ಒಂದು ನೊಣ ಬಂದು ನನ್ನ ತಟ್ಟೆಯಂಚಿಗೇ ಕೂತು ಕೈ ಉಜ್ಜತೊಡಗಿತು. ಸಂಸ್ಕಾರ ಸುಮ್ಮನಿರುವುದೇ? ಎದ್ದು ಬ್ಯಾಟು ತಂದೆ, ಎತ್ತಿದೆ. ಆದರೆ ಈಗೀಗ ಹೊಡೆಯುವ ಮೊದಲು ನೊಣದ ಬಣ್ಣ ನೋಡುವ ಚಾಳಿ ಅಂಟಿದೆ. ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡುವಷ್ಟರಲ್ಲಿ ಅದು ಊಟ ಮುಗಿಸಿ ಹಾರಿಹೋಯಿತು.