ಬಸ್ ಹತ್ತೂ ದಿನ ಅವ್ವ ಚಹಾ ಕುಡೀತಿರಲಿಲ್ಲ

ಮೊನ್ನೆ ಅವ್ವನ್ನ ಕರ್ಕೊಂಡು ಇಂಡಿಯಿಂದ ಅಕಿ ತವರು ಮಸೂತಿಗೆ ಹೊಂಟಿದ್ದೆ. ದಾರ್ಯಾಗಿನ ಝಳಕಿ ಊರಾಗ ಕಾರು ನಿಲ್ಲಿಸಿದ್ದ ತಡ, ಶುಂಠಿ ಚಹಾದ ವಾಸನಿ ಬಂತು. ಅಷ್ಟ ಸಾಕಾತು, ನಾನು ಮತ್ತ ಲಂಗದ ಹುಡುಗಿ ಆದೆ.

ಮನಿಯೊಳಗ ಅವ್ವಗ ಚಹಾ ಇಲ್ಲದ ಹೊತ್ತ ಹೋಗ್ತಿರಲಿಲ್ಲ. ಆದ್ರ ತವರಿಗೆ ಹೋಗೂ ದಿನ ಕಪ್ ಮುಟ್ಟತಿರಲಿಲ್ಲ. ರೊಟ್ಟಿ ಜೋಡಿ ಅರ್ಧ ಲೋಟ ಮಜ್ಜಿಗಿ ಕುಡುದು ಬಸ್ ಹತ್ತತಿದ್ಲು.

"ಉಪ್ಪು ಹಾಕಿದ ಮಜ್ಜಿಗಿ ಮೈಯಾಗ ನಿಲ್ತೈತಿ. ಚಹಾ ವಿಜಾಪುರ ಮುಟ್ಟಾಕೂ ಬಿಡೂದಿಲ್ಲ" ಅನ್ನೂದು ಅಕಿ ಲೆಕ್ಕ.

ಒಮ್ಮೆ ಇದ ಝಳಕಿಯೊಳಗ ನಾನು ಹಟ ಮಾಡಿ ಚಹಾ ಕುಡುದೆ. ಸ್ವಲ್ಪ ದೂರ ಹೋಗೂದ್ರಾಗ ತಡಕೊಳ್ಳಾಕ ಆಗಲಿಲ್ಲ. ಅವ್ವ ನನ್ನ ತೊಡಿ ಚೂಟಿ, ಕಂಡಕ್ಟರ್‌ಗೆ, "ಅಣ್ಣಾರ, ಹುಡುಗಿಗೆ ಅರ್ಜೆಂಟ್ ಆಗೇತ್ರಿ, ಒಂಚೂರ ನಿಲ್ಲಸ್ರಿ" ಅಂದ್ಲು. ಜಾಲಿ ಕಂಟಿ ಹತ್ರ ಸೆರಗು ಅಡ್ಡ ಹಿಡಕೊಂಡು ನಿಂತ್ಲು. ಬಸ್ಸಿನ ಮಂದಿ ಕಿಡಕಿಯೊಳಗ ನಗಾಕತ್ತಿದ್ರು.

"ಅವ್ವಾ, ನೀನೂ ಹೋಗು" ಅಂದೆ.

"ಸಣ್ಣವರಿಗೆ ಬಸ್ಸು ನಿಲ್ತೈತಿ. ನಮ್ಮಂಥಾರಿಗೆ ಯಾರ ನಿಲ್ಲಸತಾರ? ನಡಿ, ಹತ್ತು."

ಮೊನ್ನೆ ನನಗೊಂದ ಚಹಾ ತಗೊಂಡು, "ನಿನಗ ಮಜ್ಜಿಗಿ ಹೇಳಲೇನ?" ಅಂತ ಕೇಳಿದೆ. ಅವ್ವ ನನ್ನ ಕೈಯಾಗಿನ ಕಪ್ ಕಸಗೊಂಡು, ಊದಿ ಊದಿ ಪೂರ್ತಿ ಕುಡುದು, ಚಹಾದಂವಗ ಕೇಳೂವಂಗ ಜೋರಾಗಿ ಅಂದ್ಲು:

"ಇನ್ನೊಂದ ಕಪ್ ಕೊಡಪಾ. ಇವತ್ತ ಗಾಡಿ ನನ್ನ ಮಗಳ ಹೊಡ್ಯಾಕತ್ತಾಳ."